ವಿಶ್ವವಿದ್ಯಾಲಯದ ಚಿತ್ರಶಾಲೆ: ಯಾರ ಸೊತ್ತು, ಯಾರ ಹೊಣೆ?

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪರಿಷ್ಕೃತ ಪಾಠ)



ಸಾಹಿತ್ಯ, ಸಂಗೀತ, ಯಕ್ಷಗಾನಗಳ ಕುರಿತು ಬಲ್ಲವರು ಮಾತನಾಡಿದ ಈ ವೇದಿಕೆಯಲ್ಲಿ ನಿಲ್ಲಲು ನನಗೆ ಸಂಕೋಚವಾಗುತ್ತಿದೆ. ನಾನು ಚಿತ್ರಕಾರನಲ್ಲ, ಕಲಾವಿಮರ್ಶಕನೂ ಅಲ್ಲ. ಪಶ್ಚಿಮ ಭಾರತದ ಒಂದು ವಿಶ್ವವಿದ್ಯಾಲಯದ ಚಿತ್ರಶಾಲೆಯಲ್ಲಿ ಪ್ರಚಾರ, ಜನಸಂಪರ್ಕ, ನಿಧಿಸಂಗ್ರಹ ಎಂಬ ಮೂರು ಕೆಲಸಗಳನ್ನು ಹಲವು ವರ್ಷ ನೋಡಿಕೊಂಡು ನಿವೃತ್ತನಾದವನು. ಚಿತ್ರ ಬರೆಯುವವನ ಕಷ್ಟಸುಖಗಳ ಬಗ್ಗೆ ನಮ್ಮಲ್ಲಿ ಅಷ್ಟಿಷ್ಟಾದರೂ ಚರ್ಚೆಯಾಗಿದೆ. ಬರೆದ ಚಿತ್ರವನ್ನು ಕಾಪಾಡುವ, ಅದರ ಸುದ್ದಿಯನ್ನು ನಾಲ್ಕು ಜನಕ್ಕೆ ಮುಟ್ಟಿಸುವ, ಅದಕ್ಕಾಗಿ ಹಣ ಕೂಡಿಸುವ ಕೆಲಸದ ಬಗ್ಗೆ ಮಾತು ಕಡಿಮೆ. ಅಧ್ಯಕ್ಷರು ಆ ವಿಷಯವನ್ನೇ ಆರಿಸಿಕೊಳ್ಳಬೇಕೆಂದು ಆಗ್ರಹಪಡಿಸಿದ್ದರಿಂದ ಇಲ್ಲಿ ನಿಂತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ, ಸಂಗ್ರಹದಲ್ಲಿ ಏನೇನಿದೆ ಎಂದು ಕೇಳಿದಾಗ ಗುಮಾಸ್ತರು ಒಂದು ದಪ್ಪ ಪುಸ್ತಕವನ್ನು ತಂದಿಟ್ಟರು. ಅದರ ಹೆಸರು ‘ಡೆಡ್ ಸ್ಟಾಕ್ ರಿಜಿಸ್ಟರ್’. ಕಚೇರಿಗಳಲ್ಲಿ ಕೆಲಸ ಮಾಡಿದ ತಮ್ಮಲ್ಲಿ ಅನೇಕರಿಗೆ ಇದು ಪರಿಚಿತವಾದ ಹೆಸರೇ. ಬಳಸಿದರೂ ತೀರಿಹೋಗದ ಸಾಮಾನುಗಳನ್ನು ಅದರಲ್ಲಿ ದಾಖಲಿಸುತ್ತಾರೆ. ಉಕ್ಕಿನ ಕಪಾಟು ಎರಡು, ಮೇಜಿನ ಫ್ಯಾನು ಒಂದು, ಅದರ ಕೆಳಗೆ ‘ತೈಲವರ್ಣದ ಚಿತ್ರ, ಚೌಕಟ್ಟು ಸಹಿತ, ಒಂದು’. ಚಿತ್ರಕಾರನ ಹೆಸರಿಲ್ಲ. ಕೊಟ್ಟವರ ಹೆಸರಿಲ್ಲ. ಚಿತ್ರದಲ್ಲಿ ಏನಿದೆ ಎಂಬುದೂ ಇಲ್ಲ. ಇದನ್ನು ಬರೆದ ಗುಮಾಸ್ತನ ತಪ್ಪೆಂದು ನಾನು ಭಾವಿಸುವುದಿಲ್ಲ. ಚೌಕಟ್ಟಿದೆಯೇ ಇಲ್ಲವೇ ಎಂಬುದನ್ನಷ್ಟೇ ಅವನಿಗೆ ಕೇಳಲಾಗಿತ್ತು. ಅದಕ್ಕೆ ಅವನು ಪ್ರಾಮಾಣಿಕವಾಗಿ ಉತ್ತರ ಬರೆದಿದ್ದ.

ಕೆಲವು ತಿಂಗಳ ಬಳಿಕ ವೃದ್ಧ ಮಹಿಳೆಯೊಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ಅವರ ಕೈಯಲ್ಲಿ ಹಳದಿಯಾದ ಒಂದು ಕಾಗದವಿತ್ತು. ಅವರ ಮಾವನವರು ನಾಲ್ಕು ಚಿತ್ರಗಳನ್ನು ವಿಶ್ವವಿದ್ಯಾಲಯಕ್ಕೆ ದಾನವಾಗಿ ಕೊಟ್ಟಾಗ ಅಂದಿನ ಕುಲಪತಿಗಳು ಬರೆದ ಕೃತಜ್ಞತಾಪತ್ರವದು. ಮೊಮ್ಮಕ್ಕಳಿಗೆ ಆ ಚಿತ್ರಗಳನ್ನು ತೋರಿಸಬೇಕೆಂಬುದಷ್ಟೇ ಅವರ ಆಸೆ. ಅವರನ್ನು ಕೂಡಿಸಿ, ಚಹಾ ತರಿಸಿ, ನಾವು ಹುಡುಕತೊಡಗಿದೆವು. ಒಂದು ಚಿತ್ರ ಗೋಡೆಯ ಮೇಲೆಯೇ ಇತ್ತು. ಇನ್ನೊಂದು ಅಧಿಕಾರಿಯೊಬ್ಬರ ಬಂಗಲೆಯ ನಡುಮನೆಯಲ್ಲಿದೆಯೆಂದು ತಿಳಿಯಿತು. ಮೂರನೆಯದು ಉಗ್ರಾಣದಲ್ಲಿ ಸಿಕ್ಕಿತು, ಬೂಷ್ಟು ಹಿಡಿದು ಅರ್ಧ ಮಸುಕಾಗಿತ್ತು. ನಾಲ್ಕನೆಯದು ಆ ದಿನವೂ ಸಿಗಲಿಲ್ಲ, ಮುಂದೆಯೂ ಸಿಗಲಿಲ್ಲ. ಆ ತಾಯಿ ಕೋಪಿಸಿಕೊಳ್ಳಲಿಲ್ಲ. ಹೊರಡುವಾಗ ತಮ್ಮ ಭಾಷೆಯಲ್ಲಿ ಒಂದು ಮಾತು ಕೇಳಿದರು: “ಹಾಳಾಗುತ್ತಿದೆ ಎಂದು ನಮಗೊಂದು ಕಾಗದ ಹಾಕಿದ್ದರೆ ನಾವೇ ಏನಾದರೂ ವ್ಯವಸ್ಥೆ ಮಾಡುತ್ತಿದ್ದೆವಲ್ಲ?”

ನನ್ನ ಕೆಲಸವೇನೆಂಬುದು ನನಗೆ ಆ ದಿನ ಅರ್ಥವಾಯಿತು. ಪತ್ರಿಕೆಗಳಿಗೆ ಪ್ರಕಟಣೆ ಕಳುಹಿಸುವುದು, ಉದ್ಘಾಟನೆಗೆ ಗಣ್ಯರನ್ನು ಕರೆಯುವುದು, ಕಂಪನಿಗಳ ಬಾಗಿಲಲ್ಲಿ ಕಾಯುವುದು, ಇಷ್ಟೇ ನನ್ನ ಕರ್ತವ್ಯವೆಂದು ತಿಳಿದಿದ್ದೆ. ಆ ಕುಟುಂಬದಲ್ಲಿ ಹಣವಿತ್ತು, ಮನಸ್ಸೂ ಇತ್ತು. ಇರದಿದ್ದದ್ದು ನಾವು ಬರೆಯಬೇಕಾಗಿದ್ದ ಒಂದು ಕಾಗದ. ವಿಶ್ವವಿದ್ಯಾಲಯದ ಚಿತ್ರಶಾಲೆಯನ್ನು ತನ್ನದೆಂದು ಭಾವಿಸುವ ಜನ ಹೊರಗೆ ಇಲ್ಲದಿದ್ದರೆ, ಒಳಗಿನವರ ಪಾಲಿಗೆ ಅದು ಸಾಮಾನಿನ ಪಟ್ಟಿಯಾಗಿಬಿಡುತ್ತದೆ. ಕಷ್ಟಕಾಲ ಬಂದಾಗ ಸಾಮಾನನ್ನು ಮಾರುವ ಯೋಚನೆ ಯಾರಿಗಾದರೂ ಸಹಜವಾಗಿಯೇ ಬರುತ್ತದೆ. ಇದು ಬಡ ದೇಶದ ಕಥೆಯೆಂದು ಯಾರೂ ಭಾವಿಸಬಾರದು. ವಿಶ್ವವಿದ್ಯಾಲಯಗಳ ಚಿತ್ರಶಾಲೆಗಳು ಹೇರಳವಾಗಿರುವ, ಅವುಗಳಿಗಾಗಿ ಹಣ ಕೂಡಿಸುವುದೇ ಒಂದು ವೃತ್ತಿಯಾಗಿ ಬೆಳೆದಿರುವ ಅಮೆರಿಕದಿಂದ ಕೆಲವು ದೃಷ್ಟಾಂತಗಳನ್ನು ತಮ್ಮ ಮುಂದಿಡುತ್ತೇನೆ.

ಅಲ್ಲಿನ ಯೇಲ್ ವಿಶ್ವವಿದ್ಯಾಲಯದ ಚಿತ್ರಶಾಲೆ 1832ರಲ್ಲಿ ಹುಟ್ಟಿತು. ಅಮೆರಿಕದ ಸ್ವಾತಂತ್ರ್ಯಸಮರದ ದೃಶ್ಯಗಳನ್ನು ಚಿತ್ರಿಸಿದ ಜಾನ್ ಟ್ರಂಬುಲ್ ಮುಪ್ಪಿನಲ್ಲಿ ಹಣಕಾಸಿನ ಅಡಚಣೆಯಲ್ಲಿದ್ದರು. ತಮ್ಮ ಚಿತ್ರಗಳನ್ನು ಯೇಲ್‌ಗೆ ಒಪ್ಪಿಸಿ, ಪ್ರತಿಯಾಗಿ ಜೀವಮಾನಪರ್ಯಂತ ವರ್ಷಕ್ಕೆ 1,000 ಡಾಲರ್ ವರ್ಷಾಶನ ಪಡೆದರು. ತಮ್ಮ ದೇಹವನ್ನು ಆ ಚಿತ್ರಗಳ ಕೆಳಗೇ ಹೂಳಬೇಕೆಂಬ ಅವರ ಇಚ್ಛೆಯನ್ನೂ ವಿಶ್ವವಿದ್ಯಾಲಯ ನಡೆಸಿಕೊಟ್ಟಿತು. ಅಂದರೆ ಮೊದಲ ದಿನದಿಂದಲೂ ಅಲ್ಲಿ ಕಲೆಯೊಡನೆ ಒಂದು ಲೆಕ್ಕವೂ, ಒಂದು ಮಾತೂ ಇದ್ದವು. ಇಂದಿಗೂ ಆ ಚಿತ್ರಶಾಲೆಗೆ ಪ್ರವೇಶಧನವಿಲ್ಲ. ಚಿತ್ರ ಕೊಟ್ಟವನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ ಸಂಸ್ಥೆಯ ಬಳಿಗೆ ಮುಂದಿನ ದಾನಿಯೂ ಬರುತ್ತಾನೆ.

ಎರಡನೆಯದು ಇದಕ್ಕೆ ವಿರುದ್ಧವಾದದ್ದು. ವರ್ಜೀನಿಯಾದ ಲಿಂಚ್‌ಬರ್ಗ್ ಎಂಬ ಊರಿನಲ್ಲಿ ಹೆಣ್ಣುಮಕ್ಕಳ ಕಾಲೇಜೊಂದಿತ್ತು. 1920ರಲ್ಲಿ ಅಲ್ಲಿನ ವಿದ್ಯಾರ್ಥಿನಿಯರೂ ಊರಿನ ಜನರೂ ಕೂಡಿ 2,500 ಡಾಲರ್ ಸಂಗ್ರಹಿಸಿ, ಜಾರ್ಜ್ ಬೆಲೋಸ್ ಎಂಬ ಚಿತ್ರಕಾರ 1912ರಲ್ಲಿ ಬರೆದಿದ್ದ ಒಂದು ದೊಡ್ಡ ಚಿತ್ರವನ್ನು ಕೊಂಡರು. ನ್ಯೂಯಾರ್ಕಿನ ಬಂದರುಕಟ್ಟೆಯಲ್ಲಿ ಚಳಿಯ ಮುಂಜಾನೆ ಕೂಲಿಗಾಗಿ ಕಾದು ನಿಂತ ಕಾರ್ಮಿಕರ ಚಿತ್ರವದು. ಕಾಲೇಜಿನ ಸಂಗ್ರಹಕ್ಕೆ ಅದೇ ಬುನಾದಿಯಾಯಿತು. 2007ರಲ್ಲಿ ಕಾಲೇಜು ಹುಡುಗರಿಗೂ ಪ್ರವೇಶ ಕೊಟ್ಟು ರ‍್ಯಾಂಡಾಲ್ಫ್ ಕಾಲೇಜ್ ಎಂದು ಹೆಸರು ಬದಲಿಸಿಕೊಂಡಿತು. ಅದೇ ವರ್ಷ ಅಕ್ಟೋಬರ್ 1ರಂದು ಆಡಳಿತ ಮಂಡಳಿ ಈ ಚಿತ್ರವೂ ಸೇರಿದಂತೆ ನಾಲ್ಕು ಕೃತಿಗಳನ್ನು ಗೋಡೆಯಿಂದ ಇಳಿಸಿ ಹರಾಜಿಗಾಗಿ ಸಾಗಿಸಿತು. ಹಳೆಯ ವಿದ್ಯಾರ್ಥಿನಿಯರು ಪ್ರತಿಭಟಿಸಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಆದರೂ 2014ರಲ್ಲಿ ಬೆಲೋಸ್ ಚಿತ್ರ 2 ಕೋಟಿ 55 ಲಕ್ಷ ಡಾಲರಿಗೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಪಾಲಾಯಿತು. ಕಲಾಸಂಗ್ರಹಾಲಯಗಳ ನಿರ್ದೇಶಕರ ಸಂಘ ಕಾಲೇಜಿನ ಸಂಗ್ರಹಾಲಯದ ಮೇಲೆ ನಿರ್ಬಂಧ ಹೇರಿತು.

ಲಂಡನ್ನಿನಲ್ಲಿ ಆ ಚಿತ್ರವನ್ನು ಹೆಚ್ಚು ಜನ ನೋಡುತ್ತಾರೆ, ಅದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ನಿಧಿಸಂಗ್ರಹದ ಕೆಲಸ ಮಾಡಿದ ನನಗೆ ಕಾಣುವ ನಷ್ಟ ಬೇರೆ. ನಿಮ್ಮ ಊರಿಗಾಗಿ, ನಿಮ್ಮ ಕಾಲೇಜಿಗಾಗಿ ಕೊಡಿ ಎಂದು ಕೇಳಿ 1920ರಲ್ಲಿ ಪಡೆದ ಚಿಲ್ಲರೆ ಕಾಸು ಬರಿಯ ಕಾಸಲ್ಲ, ಒಂದು ವಾಗ್ದಾನ. ಅದನ್ನು ಮುರಿದ ಸಂಸ್ಥೆ ನಾಳೆ ಮತ್ತೊಮ್ಮೆ ಊರಿನ ಮುಂದೆ ಜೋಳಿಗೆ ಹಿಡಿದು ನಿಂತಾಗ ಯಾವ ಮುಖದಿಂದ ಕೇಳಬೇಕು?

ಮೂರನೆಯದು ಬೋಸ್ಟನ್ ಸಮೀಪದ ಬ್ರ್ಯಾಂಡೈಸ್ ವಿಶ್ವವಿದ್ಯಾಲಯ. ಅಲ್ಲಿ 1961ರಲ್ಲಿ ರೋಸ್ ಕಲಾಸಂಗ್ರಹಾಲಯ ಸ್ಥಾಪನೆಯಾಯಿತು. ಅದರ ಮೊದಲ ನಿರ್ದೇಶಕ ಸ್ಯಾಮ್ ಹಂಟರ್ ಅವರ ಕೈಗೆ ದಾನಿ ದಂಪತಿಗಳಿಂದ 50,000 ಡಾಲರ್ ಬಂತು. ಯಾವ ಕೃತಿಗೂ 5,000 ಡಾಲರಿಗಿಂತ ಹೆಚ್ಚು ಕೊಡಬಾರದೆಂದು ನಿಯಮ ಹಾಕಿಕೊಂಡು ಅವರು 21 ಕೃತಿಗಳನ್ನು ಕೊಂಡರು. ವಾರ್ಹೋಲ್, ಲಿಖ್ಟೆನ್‌ಸ್ಟೈನ್, ಜಾಸ್ಪರ್ ಜಾನ್ಸ್, ರೌಷೆನ್‌ಬರ್ಗ್ ಮೊದಲಾದವರ ಕೃತಿಗಳು ಅವುಗಳಲ್ಲಿದ್ದವು. ಮುಂದೆ ಇವರೆಲ್ಲ ಜಗದ್ವಿಖ್ಯಾತರಾದರು. ಸಂಗ್ರಹದ ಬೆಲೆ ಗಗನಕ್ಕೇರಿತು. ಆ ಬೆಲೆಯೇ ಅದಕ್ಕೆ ಕಂಟಕವಾಯಿತು. 2008ರ ಆರ್ಥಿಕ ಕುಸಿತದಲ್ಲಿ ವಿಶ್ವವಿದ್ಯಾಲಯದ ದತ್ತಿನಿಧಿ ಕರಗಿದಾಗ, 2009ರ ಜನವರಿಯಲ್ಲಿ ಧರ್ಮದರ್ಶಿ ಮಂಡಳಿ ಸಂಗ್ರಹಾಲಯವನ್ನು ಮುಚ್ಚಿ ಕೃತಿಗಳನ್ನು ಮಾರಲು ನಿರ್ಣಯಿಸಿತು.

ಇಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ವಿದ್ಯಾರ್ಥಿಗಳು, ಅಧ್ಯಾಪಕರು, ಕಲಾಲೋಕದವರು ಏಕಕಂಠದಿಂದ ವಿರೋಧಿಸಿದರು. ಸಂಗ್ರಹಾಲಯದ ಮೇಲ್ವಿಚಾರಣಾ ಸಮಿತಿಯ ಮೂವರು ಸದಸ್ಯರು ನ್ಯಾಯಾಲಯದಲ್ಲಿ ದಾವೆ ಹೂಡಿದರು. 2011ರ ಜೂನ್‌ನಲ್ಲಿ ರಾಜಿಯಾಯಿತು. ಕೃತಿಗಳನ್ನು ಮಾರುವ ಯೋಜನೆಯಿಲ್ಲವೆಂದು ವಿಶ್ವವಿದ್ಯಾಲಯ ಘೋಷಿಸಿತು. ನವೀಕರಣಗೊಂಡ ಸಂಗ್ರಹಾಲಯ ಅದೇ ವರ್ಷ ತನ್ನ ಐವತ್ತನೆಯ ವರ್ಷವನ್ನು ಆಚರಿಸಿತು. ಲಿಂಚ್‌ಬರ್ಗಿನಲ್ಲಿ ಸೋತದ್ದು ಇಲ್ಲಿ ಗೆದ್ದದ್ದು ಏಕೆ ಎಂಬುದಕ್ಕೆ ಕಾನೂನಿನ ಕಾರಣಗಳೂ ಇರಬಹುದು. ನಾನು ಗಮನಿಸುವುದು ಒಂದನ್ನೇ. ಇಲ್ಲಿ ದಾನಿಗಳಿಗೆ ಮೇಲ್ವಿಚಾರಣೆಯಲ್ಲಿ ಸ್ಥಾನವಿತ್ತು. ಚಿತ್ರಗಳ ಆಗುಹೋಗು ಅವರಿಗೆ ತಿಳಿಯುತ್ತಿತ್ತು. ಕೊಟ್ಟವರು ಯಾರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದಕ್ಕೆ ಹೇಳುವವರಿದ್ದರು, ಕೇಳುವವರಿದ್ದರು.

ನಾಲ್ಕನೆಯ ದೃಷ್ಟಾಂತ ನಮ್ಮ ಆತ್ಮಸಾಕ್ಷಿಯನ್ನು ಹೆಚ್ಚು ಕಾಡುವಂಥದು. ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿರುವ ಫಿಸ್ಕ್ ವಿಶ್ವವಿದ್ಯಾಲಯ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರ ವಿದ್ಯಾಭ್ಯಾಸಕ್ಕಾಗಿ 1866ರಲ್ಲಿ ಹುಟ್ಟಿದ ಸಂಸ್ಥೆ. ಚಿತ್ರಕರ್ತೆ ಜಾರ್ಜಿಯಾ ಓಕೀಫ್ ತಮ್ಮ ದಿವಂಗತ ಪತಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರ ಸಂಗ್ರಹದ ಕೃತಿಗಳೂ ಸೇರಿದಂತೆ 101 ಕೃತಿಗಳನ್ನು 1949ರಲ್ಲಿ ಅದಕ್ಕೆ ಕೊಟ್ಟರು. ವರ್ಣಭೇದ ಕಾನೂನಾಗಿದ್ದ ಕಾಲದಲ್ಲಿ, ದಕ್ಷಿಣದ ಕಪ್ಪು ವಿದ್ಯಾರ್ಥಿಗಳಿಗೆ ಸೆಜಾನ್, ಪಿಕಾಸೋ ಮುಂತಾದವರ ಕೃತಿಗಳು ತಮ್ಮ ಸ್ವಂತ ಆವರಣದಲ್ಲೇ ನೋಡಸಿಕ್ಕವು. ಆದರೆ ಸಂಗ್ರಹವನ್ನು ಕಾಪಾಡುವ ವೆಚ್ಚವೇ ಸಂಸ್ಥೆಗೆ ಹೊರೆಯಾಯಿತು. 2005ರ ಬಳಿಕ ಮಾರಾಟದ ಪ್ರಯತ್ನಗಳು, ವ್ಯಾಜ್ಯಗಳು ನಡೆದವು. ಕೊನೆಗೆ 2012ರಲ್ಲಿ ಆರ್ಕನ್ಸಾದ ಕ್ರಿಸ್ಟಲ್ ಬ್ರಿಜಸ್ ಸಂಗ್ರಹಾಲಯ 3 ಕೋಟಿ ಡಾಲರ್ ಕೊಟ್ಟು ಅರ್ಧ ಪಾಲು ಪಡೆಯಿತು. ಕೃತಿಗಳು ಎರಡೆರಡು ವರ್ಷಕ್ಕೊಮ್ಮೆ ಊರು ಬದಲಿಸುವ ಏರ್ಪಾಡಾಯಿತು.

ಫಿಸ್ಕ್‌ನ ಆಡಳಿತವನ್ನು ನಿಂದಿಸಲು ನನಗೆ ನಾಲಿಗೆ ಬರುವುದಿಲ್ಲ. ಅಧ್ಯಾಪಕರ ಸಂಬಳವೋ ಗೋಡೆಯ ಮೇಲಿನ ಚಿತ್ರವೋ ಎಂಬ ಪ್ರಶ್ನೆಗೆ ದೂರದಲ್ಲಿ ಕುಳಿತು ಉತ್ತರ ಹೇಳುವುದು ಸುಲಭ. ಆದರೆ ಇದರಿಂದ ಒಂದು ಪಾಠವನ್ನಂತೂ ಕಲಿಯಬೇಕು. ಕೃತಿಯ ದಾನದೊಡನೆ ಅದನ್ನು ಕಾಪಾಡುವ ಖರ್ಚೂ ಬರಬೇಕು. ಹಸುವನ್ನು ದಾನ ಕೊಡುವವರು ಮೇವಿಗಾಗಿ ತುಸು ನೆಲವನ್ನೂ ಬಿಟ್ಟುಕೊಡುತ್ತಿದ್ದರೆಂದು ನಮ್ಮ ಹಿರಿಯರು ಹೇಳುವುದುಂಟು. ಚಿತ್ರಕ್ಕೂ ಮೇವು ಬೇಕು. ತೇವಾಂಶದ ನಿಯಂತ್ರಣ, ಗೆದ್ದಲಿನಿಂದ ರಕ್ಷಣೆ, ವಿಮೆ, ಕಾವಲು, ಆಗಾಗ ಪರಿಣತರ ತಪಾಸಣೆ, ಇವೆಲ್ಲ ಪ್ರತಿವರ್ಷದ ಖರ್ಚುಗಳು.

ದಾನಿಗಳು ಸಾಮಾನ್ಯವಾಗಿ ಕಟ್ಟಡಕ್ಕೆ ಕೊಡುತ್ತಾರೆ, ಏಕೆಂದರೆ ಕಟ್ಟಡದ ಮೇಲೆ ಹೆಸರು ಕೆತ್ತಿಸಬಹುದು. ಉಗ್ರಾಣದ ತೇವ ತೆಗೆಯುವ ಯಂತ್ರದ ಮೇಲೆ ಹೆಸರು ಬರೆಸಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ಅದು ನೆಲೆಗೊಂಡಿದೆ. ಈ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಆ ಕಟ್ಟಡ ಜೀರ್ಣೋದ್ಧಾರವಾಯಿತು. ಆದರೆ ಮರ, ಮಳೆ, ಕಾಲ ಇವು ಯಾವ ಪ್ರತಿಷ್ಠಾನಕ್ಕೂ ಕಾಯುವುದಿಲ್ಲ. ಮುಂದೆ ಮತ್ತೆ ದುರಸ್ತಿಯ ಮಾತೇ ಏಳಬೇಕಾಯಿತು. ಒಮ್ಮೆಗೆ ಬಂದ ದೊಡ್ಡ ದೇಣಿಗೆಯಷ್ಟೇ ವರ್ಷವರ್ಷವೂ ಬರುವ ಸಣ್ಣ ದೇಣಿಗೆಯೂ ಮುಖ್ಯವೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ.

ಇನ್ನು ನಮ್ಮ ದೇಶದ ಕಾನೂನಿನ ವಿಚಾರ. 2013ರ ಕಂಪನಿ ಕಾಯಿದೆಯ ಪ್ರಕಾರ ನಿರ್ದಿಷ್ಟ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಕಲಾಕೃತಿಗಳ ಸಂರಕ್ಷಣೆಯೂ ಅದರ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿದೆ. ಇದನ್ನು ಅರಿತು ಅರ್ಜಿ ಹಾಕುವ ವಿಶ್ವವಿದ್ಯಾಲಯಗಳು ವಿರಳ. ಇನ್ನೊಂದೆಡೆ, 80ಜಿ ಎಂದು ನಾವೆಲ್ಲ ಬಲ್ಲ ತೆರಿಗೆ ರಿಯಾಯಿತಿ ಹಣದ ದಾನಕ್ಕೆ ಮಾತ್ರ. ಚಿತ್ರವನ್ನೇ ಕೊಟ್ಟವರಿಗೆ ಅದು ದೊರೆಯದು. ಅಮೆರಿಕದಲ್ಲಿ ಸಂಗ್ರಾಹಕನು ಕೃತಿಯನ್ನು ಕೊಟ್ಟಾಗ ಅದರ ಮಾರುಕಟ್ಟೆ ಬೆಲೆಯ ಆಧಾರದ ಮೇಲೆ ರಿಯಾಯಿತಿ ಪಡೆಯಬಹುದು. ಅಲ್ಲಿನ ವಿಶ್ವವಿದ್ಯಾಲಯಗಳ ಸಂಗ್ರಹ ಬೆಳೆಯಲು ಇದೂ ಒಂದು ಕಾರಣ. ಆದರೆ ತನ್ನದೇ ಕೃತಿಯನ್ನು ಕೊಟ್ಟ ಕಲಾವಿದನಿಗೆ 1969ರ ಬಳಿಕ ಅಲ್ಲಿಯೂ ಬಣ್ಣ, ಬಟ್ಟೆಗಳ ಖರ್ಚಿನಷ್ಟೇ ರಿಯಾಯಿತಿ. ಸೃಷ್ಟಿಸಿದವನಿಗಿಂತ ಕೊಂಡವನಿಗೆ ಹೆಚ್ಚು ಮನ್ನಣೆ ಕೊಡುವ ಈ ನೀತಿ ಎಷ್ಟು ನ್ಯಾಯವೆಂದು ತಾವೇ ಯೋಚಿಸಬೇಕು. ನಮ್ಮ ಸಂಸತ್ತಿನಲ್ಲಿ ಇದರ ಚರ್ಚೆ ನಡೆಯುವಂತೆ ಒತ್ತಾಯಿಸುವುದು ಸಾಂಸ್ಕೃತಿಕ ಸಂಘಟನೆಗಳ ಕೆಲಸವೂ ಹೌದು.

ಹಣವಂತರನ್ನೇ ನೆಚ್ಚಬೇಕೆಂದು ನಾನು ಹೇಳುತ್ತಿಲ್ಲ. ಶಾಂತಿನಿಕೇತನದ ಕಲಾಭವನದಲ್ಲಿ ಆಚಾರ್ಯ ನಂದಲಾಲ ಬೋಸರ ಹುಟ್ಟುಹಬ್ಬ ಡಿಸೆಂಬರ್ 3ಕ್ಕೆ ಬರುತ್ತದೆ. ಅದರ ಹಿಂದಿನ ಎರಡು ದಿನ ನಂದನ ಮೇಳ ನಡೆಸುವ ಪದ್ಧತಿ 1973ರಲ್ಲಿ ಆರಂಭವಾಯಿತು. ವಿದ್ಯಾರ್ಥಿಗಳೂ ಗುರುಗಳೂ ತಮ್ಮ ಕೈಯಿಂದಲೇ ಮಾಡಿದ ಚಿತ್ರ, ಮಣ್ಣಿನ ಪಾತ್ರೆ, ಅಚ್ಚಿನ ಕೃತಿ, ಪಂಚಾಂಗಗಳನ್ನು ಸಾಮಾನ್ಯರ ಕೈಗೆಟಕುವ ಬೆಲೆಗೆ ಮಾರುತ್ತಾರೆ. ಬಂದ ಹಣ ವಿದ್ಯಾರ್ಥಿಗಳ ನೆರವಿನ ನಿಧಿಗೆ ಸೇರುತ್ತದೆ. ಪ್ರಚಾರ, ಜನಸಂಪರ್ಕ, ನಿಧಿಸಂಗ್ರಹ ಮೂರೂ ಅಲ್ಲಿ ಒಂದೇ ಅಂಗಳದಲ್ಲಿ ನಡೆಯುತ್ತವೆ. ಅಲ್ಲಿಂದ ಒಂದು ಸಣ್ಣ ಮಣ್ಣಿನ ದೀಪವನ್ನು ಮನೆಗೆ ಒಯ್ದವನಿಗೆ ಕಲಾಭವನ ಪರಕೀಯವಾಗಿ ಉಳಿಯುವುದಿಲ್ಲ.

ನಮ್ಮ ಚಿತ್ರಶಾಲೆಯಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಎರಡು ವರ್ಷ ಆಮಂತ್ರಣ ಪತ್ರಿಕೆಗಳನ್ನು ಇಂಗ್ಲಿಷಿನಲ್ಲೇ ಅಚ್ಚು ಹಾಕಿಸಿದೆ. ದಪ್ಪ ಕಾಗದ, ಬಂಗಾರದ ಅಂಚು. ಉದ್ಘಾಟನೆಗೆ ಬಂದವರು ನಲವತ್ತು ಜನ, ಮರುದಿನ ಬಂದವರು ನಾಲ್ಕು ಜನ. ಭಾನುವಾರ ಬಾಗಿಲು ಮುಚ್ಚಿರುತ್ತಿತ್ತು. ದುಡಿಯುವವರಿಗೆ ಬಿಡುವಿರುವ ದಿನ ಅದೊಂದೇ ಎಂಬುದು ನಮಗೆ ಹೊಳೆದಿರಲಿಲ್ಲ. ಪರಭಾಷೆಯ ನಾಡಿನಲ್ಲಿ ಕನ್ನಡ ಶಾಲೆಗಾಗಿ ಹೋರಾಡಿದ ಸಮುದಾಯದಿಂದ ಬಂದ ನನಗೇ ಸ್ಥಳೀಯ ಭಾಷೆಯ ನೆನಪಾಗದಿದ್ದುದು ನಾಚಿಕೆಯ ಸಂಗತಿ. ಮೂರನೆಯ ವರ್ಷ ಊರಿನ ಭಾಷೆಯಲ್ಲಿ ಸಾದಾ ಕರಪತ್ರ ಮಾಡಿಸಿದೆವು. ಮುನಿಸಿಪಲ್ ಶಾಲೆಗಳ ಮಾಸ್ತರರನ್ನು ಮೊದಲು ಕರೆದು ತೋರಿಸಿದೆವು. ಭಾನುವಾರ ತೆರೆದು ಸೋಮವಾರ ರಜೆ ಕೊಟ್ಟೆವು. ಬಾಗಿಲಲ್ಲಿ ನಿಲ್ಲುವ ಕಾವಲುಗಾರನಿಗೂ ಪ್ರತಿ ಪ್ರದರ್ಶನದ ವಿಷಯ ತಿಳಿಸಿ ಹೇಳಿದೆವು, ಏಕೆಂದರೆ ಬಂದವರು ಮೊದಲು ಮಾತನಾಡಿಸುವುದು ಅವನನ್ನೇ. ಹಣ ಕೂಡಲೇ ಹರಿದುಬರಲಿಲ್ಲ. ಆದರೆ ನಿವೃತ್ತ ಶಿಕ್ಷಕರೊಬ್ಬರು ಐದುನೂರು ರೂಪಾಯಿ ತಂದು, ಬೂಷ್ಟು ಹಿಡಿದ ಆ ಮೂರನೆಯ ಚಿತ್ರದ ಚಿಕಿತ್ಸೆಗೆ ಎಂದು ಕೊಟ್ಟರು. ಅವರ ಹೆಸರನ್ನು ರಸೀದಿಯಲ್ಲಿ ಬರೆದೆವು. ಚಿತ್ರ ಸರಿಹೋದ ಮೇಲೆ ಅವರಿಗೂ, ಹಳದಿ ಕಾಗದ ತಂದಿದ್ದ ಆ ತಾಯಿಗೂ ಪತ್ರ ಹಾಕಿದೆವು. ಇಬ್ಬರೂ ಒಂದೇ ದಿನ ಬಂದು ಚಿತ್ರದ ಮುಂದೆ ನಿಂತರು. ನನ್ನ ಉದ್ಯೋಗದಲ್ಲಿ ನಾನು ಧನ್ಯನೆನಿಸಿದ ದಿನ ಅದೊಂದು.

ದಾನಿಯ ವಿಷಯದಲ್ಲಿ ಒಂದು ಎಚ್ಚರಿಕೆಯೂ ಬೇಕು. ಹಣ ಕೊಟ್ಟವನು ಯಾವ ಚಿತ್ರ ತೂಗುಹಾಕಬೇಕು, ಯಾವುದನ್ನು ಮರೆಮಾಚಬೇಕು ಎಂದು ಅಪ್ಪಣೆ ಕೊಡತೊಡಗಿದರೆ ಅದು ವಿಶ್ವವಿದ್ಯಾಲಯವಾಗಿ ಉಳಿಯುವುದಿಲ್ಲ. ಆದುದರಿಂದ ದಾನಪತ್ರ ಲಿಖಿತವಾಗಿರಬೇಕು. ದಾನಿಯ ಹಕ್ಕೇನು, ಸಂಸ್ಥೆಯ ಹೊಣೆಯೇನು, ಆಯ್ಕೆಯ ಸ್ವಾತಂತ್ರ್ಯ ಯಾರದು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಸಾವಿರ ಜನರ ಸಣ್ಣ ದೇಣಿಗೆ ಒಬ್ಬನ ದೊಡ್ಡ ದೇಣಿಗೆಗಿಂತ ಕ್ಷೇಮವೆನ್ನುವುದು ಈ ಕಾರಣಕ್ಕೆ: ಸಾವಿರ ಜನ ಕೂಡಿ ಒಂದು ಚಿತ್ರವನ್ನು ಕೆಳಗಿಳಿಸೆಂದು ಹೇಳುವುದು ಅಪರೂಪ, ಅದನ್ನು ಮಾರಬೇಡವೆಂದು ಹೇಳಲು ಮಾತ್ರ ಅವರು ಬರುತ್ತಾರೆ.

ಬಂಧುಗಳೇ, ಹೊರನಾಡಿನಲ್ಲಿರುವ ನಮಗೂ ಇದಕ್ಕೂ ಏನು ಸಂಬಂಧ? ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯಲ್ಲಿ ಕಲಿತು, ಕಲಿಸಿ, ಇಲ್ಲಿಯೇ ಬಾಳಿ 1996ರಲ್ಲಿ ಅಗಲಿದರು. ಇಂದು ಮಣಿಪಾಲದ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಗ್ಯಾಲರಿ ಹಾಗೂ ಕಲಾಕೇಂದ್ರವಿದೆ. ಊರಿಗೆ ಹೋದಾಗ ದೇವಸ್ಥಾನ, ಸಮುದ್ರತೀರಗಳಿಗೆ ಹೋಗುವ ನಮ್ಮಲ್ಲಿ ಎಷ್ಟು ಜನ ಅದನ್ನು ನೋಡಿದ್ದೇವೆ? ಮೈಸೂರು, ಧಾರವಾಡ, ಹಂಪಿಯ ವಿಶ್ವವಿದ್ಯಾಲಯಗಳಲ್ಲಿ ಓದಿ ಇಲ್ಲಿ ನೆಲೆನಿಂತವರು ನಾವು. ಹಳೆಯ ವಿದ್ಯಾರ್ಥಿಗಳೆಂಬ ಹಕ್ಕಿನಿಂದ ವರ್ಷಕ್ಕೊಮ್ಮೆ ಒಂದು ಕಾಗದ ಬರೆದು ನಿಮ್ಮ ಸಂಗ್ರಹದ ಪಟ್ಟಿ ಅಚ್ಚಾಗಿದೆಯೇ, ಯಾವ ಕೃತಿಗೆ ಚಿಕಿತ್ಸೆ ಬೇಕಾಗಿದೆ, ಎಷ್ಟು ಖರ್ಚಾಗುತ್ತದೆ ಎಂದು ಕೇಳಬಹುದು. ಕೇಳುವವರಿದ್ದಾರೆಂದು ಗೊತ್ತಾದರೆ ಒಳಗಿನ ಪ್ರಾಮಾಣಿಕ ನೌಕರನಿಗೆ ಬಲ ಬರುತ್ತದೆ. ಇದನ್ನು ನಾನು ಅಂಥ ನೌಕರನಾಗಿದ್ದವನ ಅನುಭವದಿಂದ ಹೇಳುತ್ತಿದ್ದೇನೆ.

ಕೊನೆಯದಾಗಿ, ಈ ಸಭಾಭವನದ ಗೋಡೆಗಳ ಮೇಲೂ ಕವಿಗಳ, ಸಂಸ್ಥಾಪಕರ ಭಾವಚಿತ್ರಗಳಿವೆ. ಅವುಗಳಲ್ಲಿ ಕೆಲವನ್ನು ಬರೆದ ಕೈ ಯಾರದೆಂದು ಬರುವಾಗ ಇಬ್ಬರನ್ನು ಕೇಳಿದೆ, ಇಬ್ಬರಿಗೂ ತಿಳಿದಿರಲಿಲ್ಲ. ಬಲ್ಲ ಹಿರಿಯರು ಈ ಸಭೆಯಲ್ಲೇ ಇದ್ದಾರೆಂದು ನಂಬಿದ್ದೇನೆ. ಕಾರ್ಯದರ್ಶಿಗಳು ಒಂದು ನೋಟುಪುಸ್ತಕ ತೆರೆದು, ಚಿತ್ರ ಯಾವುದು, ಬರೆದವರು ಯಾರು, ಕೊಟ್ಟವರು ಯಾರು, ಯಾವ ವರ್ಷ ಎಂಬ ನಾಲ್ಕು ಕಲಮುಗಳನ್ನು ಎಳೆದು ಇಂದೇ ಆ ಹಿರಿಯರ ಬಳಿ ಕುಳಿತುಕೊಳ್ಳಬೇಕೆಂದು ವಿನಂತಿಸುತ್ತೇನೆ. ಆ ಪುಸ್ತಕಕ್ಕೆ ಡೆಡ್ ಸ್ಟಾಕ್ ಎಂಬ ಹೆಸರನ್ನು ಮಾತ್ರ ಇಡಬೇಡಿ.